ಅಬುಧಾಬಿಯಲ್ಲಿ ಇಲ್ಲದ ಮಗುವನ್ನು ಮೀಯಿಸಿದ್ದು

ಆಗ ನನಗೆ ಅರವತ್ತೊಂಬತ್ತು ವರ್ಷ. ಅದಕ್ಕೀಗ ಮೂರು ವರ್ಷ ಆಯಿತು. ಡಿಸೆಂಬರ್ ತಿಂಗಳ ಒಂದು ಬುಧವಾರ ಕಟಪಾಡಿಯ ಮನೆಗೆ ಬೀಗ ಹಾಕಿ, ಬಾಡಿಗೆ ಕಾರು ಮಾಡಿಕೊಂಡು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋದೆ. ಚಪ್ಪಲಿ ಹೊಸದು, ಕಚ್ಚುತ್ತಿತ್ತು. ಅದಕ್ಕೆ ಮೊದಲು ನಾನು ವಿಮಾನ ನೋಡಿದ್ದು ಅಂಗಳದಲ್ಲಿ ನಿಂತು ತಲೆ ಎತ್ತಿ ಮಾತ್ರ.

ನಾನು ಹೋದದ್ದು ವಿನಯಾಳ ಹತ್ತಿರ. ಅವಳು ನನ್ನ ತಂಗಿಯ ಮಗಳು. ತಂಗಿ ಇವಳನ್ನು ಹೆತ್ತ ಮೂರನೇ ವಾರ ಜ್ವರ ಬಂದು ತೀರಿಕೊಂಡಳು. ಮಗುವನ್ನು ನಾನು ಸಾಕಿದೆ. ಬಾಣಂತಿಯರನ್ನೂ ಕೂಸುಗಳನ್ನೂ ಎಣ್ಣೆ ಹಚ್ಚಿ ಮೀಯಿಸುವುದು ನನ್ನ ಕೆಲಸವಾದ್ದರಿಂದ ಮಗು ಸಾಕುವುದು ಕಷ್ಟ ಎನಿಸಲಿಲ್ಲ. ಹುಟ್ಟುವಾಗ ಅವಳ ಎಡಪಾದ ಒಳಗೆ ತಿರುಗಿಕೊಂಡಿತ್ತು. ಡಾಕ್ಟರು ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚಿದ ಮೇಲೆ ನಾನು ದಿನಕ್ಕೆ ಎರಡು ಸಲ ಎಣ್ಣೆ ಹಾಕಿ ಹೊರಕ್ಕೆ ತಿರುಗಿಸುತ್ತಾ ಬಂದೆ. ಯಾರ ಕೈಯಿಂದ ಸರಿಯಾಯಿತೋ ಗೊತ್ತಿಲ್ಲ, ಸರಿಯಾಯಿತು. ಶಾಲೆ ಬಿಟ್ಟ ಮೇಲೆ ಅವಳು ಮಲ್ಪೆಯಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಿದ್ದಳು, ಆಮೇಲೆ ದುಬಾಯಿಗೆ ಹೋದಳು. ಹೋಗಿ ಒಂಬತ್ತು ವರ್ಷವಾಗಿತ್ತು.

ನಾನು ಹೋದ ಕಾರಣವನ್ನು ಮುಚ್ಚಿಡುವುದಿಲ್ಲ. ಅವಳು ಕೆಲಸ ಮಾಡುತ್ತಿದ್ದ ಗ್ಯಾರೇಜು ಆ ತಿಂಗಳ ಕೊನೆಗೆ ಮುಚ್ಚುವುದಿತ್ತು. ಗ್ಯಾರೇಜು ಹೋದರೆ ಅವಳ ವೀಸಾವೂ ಹೋಗುತ್ತದೆ, ಊರಿಗೆ ಬರಬೇಕಾಗುತ್ತದೆ. ಬರದೆ ಉಳಿಯುವ ದಾರಿ ಒಂದೇ ಇತ್ತು. ಅಬುಧಾಬಿಯ ಒಂದು ಚಿತ್ರಶಾಲೆಯಲ್ಲಿ ಶನಿವಾರ ಸಂಜೆ ಅವಳು ಜನರ ಎದುರು ಬಣ್ಣ ಹಾಕಿ ತೋರಿಸಬೇಕು. ಅಲ್ಲಿಯ ಮೇಡಂಗೆ ಮೆಚ್ಚುಗೆಯಾದರೆ ಒಂದು ವರ್ಷಕ್ಕೆ ಜಾಗವನ್ನೂ ವೀಸಾವನ್ನೂ ಕೊಡುತ್ತಾರೆ. ಇದನ್ನು ಫೋನಿನಲ್ಲಿ ಹೇಳಿ ಅವಳು, "ದೊಡ್ಡಮ್ಮ, ಅದನ್ನು ನೋಡ್ಲಿಕ್ಕೆ ನೀವು ಬರ್ಬೇಕು" ಎಂದಳು. ನಾನು, "ಬರ್ತೇನೆ. ಆದರೆ ನೀನು ಮಾಡಿದ್ದು ಸಾಕು, ವಾಪಸು ನನ್ನ ಜೊತೆ ಬಾ" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಯಾಕೆ ಬರಬೇಕು ಎಂದರೆ ನನಗೆ ಬೇಕಿತ್ತು, ಅಷ್ಟೆ.

ಹಪ್ಪಳ ಬೇಡ, ಉಪ್ಪಿನಕಾಯಿ ಬೇಡ, ಮಲ್ಪೆಯಿಂದ ಹಳೆಯ ಬಲೆಯ ಒಂದು ತುಂಡು ತನ್ನಿ ಎಂದು ವಿನಯಾ ಹೇಳಿದ್ದಳು. ತಂದಿದ್ದೆ. ಅದರ ಜೊತೆ ನಾನೇ ಕಾಯಿಸಿದ ಎಣ್ಣೆಯ ಎರಡು ಬಾಟಲಿ, ಮೂರು ಪ್ಲಾಸ್ಟಿಕ್ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ. ಕೈಚೀಲ ತಪಾಸಣೆ ಮಾಡುವ ಹುಡುಗಿ ಬಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಜ್ಜಿ, ದುಬಾಯಲ್ಲಿ ಮೀನು ಹಿಡೀಲಿಕ್ಕಾ?" ಎಂದಳು. "ಹೌದು. ನಿನಗೆ ಎಂತ ಬೇಕು, ಬಂಗುಡೆಯಾ ಅಂಜಲಾ?" ಎಂದೆ. ಬಿಟ್ಟಳು.

ಮೂರೂವರೆ ಗಂಟೆಯ ಪ್ರಯಾಣ. ಉಡುಪಿಯಿಂದ ಶಿವಮೊಗ್ಗಕ್ಕೆ ಘಾಟಿಯಲ್ಲಿ ಹೋಗಿ ಬಂದವರಿಗೆ ಇದು ಲೆಕ್ಕಕ್ಕಿಲ್ಲ. ನನ್ನ ಪಕ್ಕದಲ್ಲಿ ಎಂಟು ತಿಂಗಳ ಕೂಸು ಇಡೀ ದಾರಿ ಕಿರುಚಿತು. ಅದರ ತಾಯಿ ಹೆದರಿ ಹೆದರಿ ಮೊಬೈಲು ತೋರಿಸುತ್ತಿದ್ದಳು. ನಾನು ಕೇಳದೆ ಕೂಸನ್ನು ಎತ್ತಿಕೊಂಡು ಹೊಟ್ಟೆಯ ಮೇಲೆ ಬಲದಿಂದ ಎಡಕ್ಕೆ ಉಜ್ಜಿದೆ. ಗಾಳಿ ಹೋಯಿತು, ನಿದ್ದೆ ಮಾಡಿತು. ಇಳಿಯುವಾಗ ಆ ತಾಯಿ ನನ್ನ ಫೋನ್ ನಂಬರ್ ಕೇಳಿದಳು.

ವಿನಯಾ ಹೊರಗೆ ನಿಂತಿದ್ದಳು. ತೆಳ್ಳಗಾಗಿದ್ದಳು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. "ಎಂತ ಇದು, ಹೇನು ಆಗಿತ್ತಾ?" ಎಂದೆ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು, "ಬಣ್ಣ ಮೆತ್ತಿಕೊಳ್ತದೆ ದೊಡ್ಡಮ್ಮ" ಎಂದಳು. ಹತ್ತಿರ ಬಂದಾಗ ಥಿನ್ನರಿನ ವಾಸನೆ ಬಂತು.

ಅವಳ ಮನೆ ದುಬಾಯಿಯ ದೇರಾದಲ್ಲಿ, ಹಳೆಯ ಕಟ್ಟಡದ ನಾಲ್ಕನೇ ಮಾಳಿಗೆ. ಕೆಳಗೆ ಸಾಂಬಾರ ಸಾಮಾನಿನ ಸಗಟು ಅಂಗಡಿ. ಮೆಟ್ಟಿಲಿನಲ್ಲೆಲ್ಲ ಒಣಮೆಣಸಿನ ಘಾಟು. ಒಂದು ಫ್ಲ್ಯಾಟಿನ ಕೋಣೆಗಳನ್ನು ಹಲಗೆ ಹೊಡೆದು ಭಾಗ ಮಾಡಿದ್ದರು, ಒಟ್ಟು ಏಳು ಹೆಂಗಸರು. ವಿನಯಾಳ ಪಾಲಿನ ಜಾಗದಲ್ಲಿ ಇನ್ನೊಬ್ಬಳಿದ್ದಳು, ಶಿರ್ವ ಕಡೆಯ ಜೆಸಿಂತಾ. ಆಸ್ಪತ್ರೆಯಲ್ಲಿ ನರ್ಸು. ದಪ್ಪ, ನಗುಮುಖ, ಬಾಯಿ ಮುಚ್ಚುವುದಿಲ್ಲ. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಸಿಟ್ಟು ಬಂದರೆ ಇಂಗ್ಲಿಷು. ನನಗೆ ಮಂಚ ಬಿಟ್ಟುಕೊಟ್ಟು ತಾನು ನೆಲದಲ್ಲಿ ಮಲಗಿದಳು. "ಅಮ್ಮ, ನೀವು ಗೊರಕೆ ಹೊಡಿತೀರಾ?" ಎಂದು ಕೇಳಿದಳು. "ಹೊಡಿತೇನೆ" ಎಂದೆ. "ಒಳ್ಳೇದಾಯ್ತು, ನಂಗೂ ಉಂಟು" ಎಂದಳು. ಶನಿವಾರದ ಕೆಲಸಕ್ಕೆ ಚಿತ್ರದ ಎದುರು ನಿಲ್ಲುವವಳು ಇವಳೇ ಎಂದು ವಿನಯಾ ಹೇಳಿದಳು.

ಗುರುವಾರ ವಿನಯಾ ನನ್ನನ್ನು ರಾಸ್ ಅಲ್ ಖೋರಿನ ಗ್ಯಾರೇಜಿಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಅರ್ಧ ಗಂಟೆಯ ಮೇಲೆ. ಉದ್ದಕ್ಕೂ ಬಾಗಿಲು ತೆಗೆದ ಶೆಡ್ಡುಗಳು, ಒಡೆದ ಕಾರುಗಳು, ಬಡಿಯುವ ಸದ್ದು. ಡಿಸೆಂಬರಾದ್ದರಿಂದ ಬಿಸಿಲು ನಮ್ಮೂರಿನಷ್ಟೂ ಇರಲಿಲ್ಲ. ಒಂದು ಶೆಡ್ಡಿನಲ್ಲಿ ಬಿಳಿ ಕಾರಿನ ಬಾನೆಟ್ಟಿನ ಮೇಲೆ ಗಿಡುಗನ ಚಿತ್ರ ಅರ್ಧ ಆಗಿತ್ತು. ವಿನಯಾ ಮೂಗಿಗೆ ದೊಡ್ಡ ಮಾಸ್ಕ್ ಕಟ್ಟಿ, ಪೆನ್ನಿನಷ್ಟೇ ಇರುವ ಒಂದು ಉಪಕರಣ ಹಿಡಿದಳು. ಏರ್ ಬ್ರಷ್ ಎನ್ನುತ್ತಾರೆ. ಅದರ ಬಾಲಕ್ಕೆ ಪೈಪು, ಪೈಪಿನ ಆಚೆ ಗಾಳಿ ತುಂಬುವ ಮೆಶಿನು, ಮೇಲೆ ಒಂದು ಚಮಚೆಯಷ್ಟು ಬಣ್ಣ ಹಿಡಿಯುವ ಬಟ್ಟಲು. ಬೆರಳು ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಹತ್ತಿರ ಹಿಡಿದರೆ ಕೂದಲಿನಷ್ಟು ಗೆರೆ, ದೂರ ಹಿಡಿದರೆ ಮಂಜು. ಗಿಡುಗನ ಕಣ್ಣಿಗೆ ಬರುವಾಗ ಅವಳು ಉಸಿರು ಕಟ್ಟಿದಳು. ನಾನು ನೋಡುತ್ತಿದ್ದೆ, ಕಣ್ಣು ಮುಗಿಯುವವರೆಗೆ ಉಸಿರು ಬಿಡಲಿಲ್ಲ.

ಗಿಡುಗ ಎಷ್ಟು ಜೀವಂತ ಇತ್ತೆಂದರೆ ನಾನು ಕೈ ಚಾಚಿದೆ. "ಮುಟ್ಬೇಡಿ ದೊಡ್ಡಮ್ಮ!" ಎಂದು ಅವಳು ಕೂಗಿದಳು. ಶೆಡ್ಡಿನವರೆಲ್ಲ ತಿರುಗಿ ನೋಡಿದರು.

"ಮುಟ್ಟದೆ ಮಾಡುವ ಕೆಲಸ ಎಂಥ ಕೆಲಸ ಮಾರಾಯ್ತಿ?" ಎಂದೆ. "ಇದು ಹಾಗೇ. ಬ್ರಷ್ಷೂ ತಾಗ್ಲಿಕ್ಕಿಲ್ಲ, ಕೈಯೂ ತಾಗ್ಲಿಕ್ಕಿಲ್ಲ. ಗಾಳಿ ಮಾತ್ರ" ಎಂದಳು.

ಮಧ್ಯಾಹ್ನ ರೊಟ್ಟಿ, ದಾಲು ತಿನ್ನುತ್ತಾ ಅವಳು ಶನಿವಾರದ್ದನ್ನು ವಿವರಿಸಿದಳು. ಬಿಳಿ ಬಟ್ಟೆ ಗೋಡೆಯಿಂದ ನೆಲದವರೆಗೆ ಇಳಿಬಿಟ್ಟಿರುತ್ತದೆ. ಅದರ ಎದುರು ಜೆಸಿಂತಾ ಕೈ ಎತ್ತಿ ಮೆಲ್ಲಗೆ ಆಡಿಸುತ್ತಿರುತ್ತಾಳೆ. ವಿನಯಾ ಬಟ್ಟೆಗೂ ಅವಳ ತೋಳಿಗೂ ಒಟ್ಟಿಗೆ ಬಣ್ಣ ಹಾಕುತ್ತಾಳೆ. ಬಲೆಯನ್ನು ಅಡ್ಡ ಹಿಡಿದು ಅದರ ಮೇಲೆ ಬಣ್ಣ ಊದಿದರೆ ಮೀನಿನ ಹುರುಪೆಯ ಹಾಗೆ ಮೂಡುತ್ತದೆ, ಬಲೆ ಬೇಕಾದದ್ದು ಅದಕ್ಕೆ. ಕೊನೆಗೆ ಮೈಯೂ ಬಟ್ಟೆಯೂ ಒಂದೇ ಆಗಿ ಆಳು ಕಾಣುವುದಿಲ್ಲ. ಆಮೇಲೆ ಜೆಸಿಂತಾ ಸರಿದು ಹೋಗುತ್ತಾಳೆ, ಅವಳಿದ್ದ ಜಾಗ ಬಿಳಿ ಉಳಿಯುತ್ತದೆ.

"ಅಷ್ಟೇಯಾ?"

"ಅಷ್ಟೇ."

"ಇದನ್ನು ನೋಡ್ಲಿಕ್ಕೆ ಜನ ಬರ್ತಾರಾ?"

"ಬರ್ತಾರೆ. ಈ ಸಲ ಮೇಡಂ ಒಬ್ಬರು ಬಂದ್ರೆ ನಂಗೆ ಸಾಕು" ಎಂದಳು. ರೊಟ್ಟಿ ಕೈಯಲ್ಲೇ ಇತ್ತು, ತಿನ್ನಲಿಲ್ಲ. ಆಗ ನನಗೆ ಗೊತ್ತಾಯಿತು, ನಾನು ಊರಿಗೆ ಬಾ ಎಂದು ಹೇಳುವುದು ಇವಳ ಕಿವಿಗೆ ಬೀಳುತ್ತಿಲ್ಲ ಎಂದು. ಆದರೂ ಹೇಳಿದೆ. "ಆಗದಿದ್ರೆ ಬೇಜಾರು ಮಾಡ್ಬೇಡ. ನನಗೆ ಸಂತೋಷವೇ" ಎಂದೆ. ಅವಳು ರೊಟ್ಟಿಯನ್ನು ಕೆಳಗಿಟ್ಟಳು.

ಶುಕ್ರವಾರ ರಜೆ. ಪೇಟೆ ಸುತ್ತಿದೆವು. ಚಿನ್ನದ ಅಂಗಡಿಗಳಲ್ಲಿ ಗಾಜಿನೊಳಗೆ ಸೊಂಟದಿಂದ ಕುತ್ತಿಗೆಯವರೆಗಿನ ಚಿನ್ನದ ಅಂಗಿ ತೂಗುಹಾಕಿದ್ದರು. ಯಾವ ಹೆಂಗಸು ಅದನ್ನು ಹಾಕಿಕೊಂಡು ಕೂರುತ್ತಾಳೋ, ಏಳುವುದು ಹೇಗೋ. ವಿನಯಾ ನನಗೆ ಮಸ್ಕತ್ತಿನ ಹಲ್ವ ತೆಗೆದುಕೊಟ್ಟಳು, ಹಲ್ಲಿಗೆ ಅಂಟಿತು.

ಶನಿವಾರ ಬೆಳಿಗ್ಗೆ ಆರಕ್ಕೆ ವಿನಯಾ ಮೆಶಿನು, ಬಟ್ಟೆಯ ಸುರುಳಿ, ಬಣ್ಣದ ಡಬ್ಬಿಗಳನ್ನು ಗ್ಯಾರೇಜಿನವರ ಪಿಕಪ್ಪಿನಲ್ಲಿ ಹೇರಿಕೊಂಡು ಮುಂದೆ ಹೋದಳು. ನಾನು, ಜೆಸಿಂತಾ ಮಧ್ಯಾಹ್ನದ ಬಸ್ಸಿಗೆ ಬರುವುದು ಎಂದಾಯಿತು. ಎಂಟು ಗಂಟೆಗೆ ಜೆಸಿಂತಾ ರಾತ್ರಿಪಾಳಿ ಮುಗಿಸಿ ಬಂದಳು. ಚಪ್ಪಲಿ ಬಿಚ್ಚಲಿಕ್ಕೆ ಬಗ್ಗಲಾರಳು. "ಇವತ್ತು ಇಬ್ಬರು ದಪ್ಪ ಗಂಡಸರನ್ನು ಎತ್ತಿ ಮಗ್ಗುಲು ಮಾಡಿಸಿದ್ದು ಅಮ್ಮ. ತೋಳು ಬಿದ್ದೇ ಹೋಯ್ತು" ಎಂದಳು.

"ಸಂಜೆ ಒಂದು ಗಂಟೆ ಕೈ ಎತ್ತಿ ನಿಲ್ಲಲಿಕ್ಕುಂಟಲ್ಲ?" ಎಂದೆ.

"ಅದೇ ನಂಗೂ ಮಂಡೆಬಿಸಿ."

ನಾನು ಎಣ್ಣೆ ಬಿಸಿ ಮಾಡಿದೆ. ಅವಳನ್ನು ನೆಲದಲ್ಲಿ ಕೂರಿಸಿ ಕುತ್ತಿಗೆಯಿಂದ ಬೆರಳ ತುದಿಯವರೆಗೆ ಹಾಕಿ ತಿಕ್ಕಿದೆ. ನರ್ಸು ಎಂದು ಹೆಸರು, ಮೈ ಮಾತ್ರ ಹೆರಿಗೆಯಾಗಿ ವಾರದ ಬಾಣಂತಿಯ ಹಾಗೆ ಗಂಟು ಗಂಟು. ಒಂದು ಬಾಟಲಿ ಮುಗಿಯಿತು. ಅವಳು ಅರ್ಧದಲ್ಲೇ ನಿದ್ದೆ ಹೋದಳು. ಎದ್ದಾಗ ಎರಡೂ ಕೈಯನ್ನು ಗಾಳಿಯಂತ್ರದ ಹಾಗೆ ತಿರುಗಿಸಿ, "ಅಮ್ಮ, ಇದು ನಂದೇ ತೋಳಾ?" ಎಂದಳು. ಬಿಸಿನೀರು ಮಾತ್ರ ಹೊಯ್ದುಕೋ, ಸೋಪು ಹಾಕಬೇಡ, ಎಣ್ಣೆ ಒಳಗಿಳಿಯಬೇಕು ಎಂದೆ. ಹಾಗೇ ಮಾಡಿದಳು. ನನ್ನ ಅಂಗೈಯನ್ನು ನಾನು ಪಾತ್ರೆ ಪುಡಿ ಹಾಕಿ ತೊಳೆದೆ.

ಅಬ್ರಾ ಎಂಬ ಮರದ ದೋಣಿಯಲ್ಲಿ ಊರಿನ ನಡುವಿನ ಸಮುದ್ರದ ಖಾಡಿ ದಾಟಿದೆವು. ಒಬ್ಬರಿಗೆ ಒಂದು ದಿರ್ಹಮ್. ಆ ಊರಲ್ಲಿ ಅಷ್ಟು ಅಗ್ಗದ್ದು ಇನ್ನೊಂದಿಲ್ಲ, ಅಷ್ಟು ಚೆಂದದ್ದೂ ನಾನು ಕಾಣಲಿಲ್ಲ. ಆಚೆ ದಡದಿಂದ ಅಬುಧಾಬಿಗೆ ದೊಡ್ಡ ಬಸ್ಸು, ಇಪ್ಪತ್ತೈದು ದಿರ್ಹಮ್, ಎರಡು ಗಂಟೆ. ರಸ್ತೆಯಲ್ಲಿ ಒಂದು ಹೊಂಡ ಇಲ್ಲ, ಒಂದು ದನ ಇಲ್ಲ. ನೋಡಲಿಕ್ಕೆ ಏನೂ ಇಲ್ಲದ್ದಕ್ಕೆ ನಾನೂ ನಿದ್ದೆ ಮಾಡಿದೆ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಮ್ಮ ಕಡೆಯವರ ಹೋಟೆಲಿನಲ್ಲಿ ಗೋಳಿಬಜೆ ತಿಂದು, ಚಹಾ ಕುಡಿದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಚಿತ್ರಶಾಲೆಗೆ ಹೋದೆವು. ನಾಲ್ಕೂವರೆ ಆಗಿತ್ತು. ಕಾರ್ಯಕ್ರಮ ಆರಕ್ಕೆ.

ದೊಡ್ಡ ಹಾಲು. ಬಟ್ಟೆ ಕಟ್ಟಿಯಾಗಿತ್ತು. ವಿನಯಾ ಜೆಸಿಂತಾಳಿಗೆ ಬಿಳಿ ಗೌನು ತೊಡಿಸಿ, ಬಣ್ಣ ಸರಿಯುಂಟಾ ನೋಡಲು ತೋಳಿಗೆ ಒಂದು ಸಲ ನೀಲಿ ಊದಿದಳು. ಬಣ್ಣ ನಿಲ್ಲಲಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಕೂಡಿ ಮೊಣಕೈಯಿಂದ ಕೆಳಗೆ ಜಾರಿತು. ಇನ್ನೊಂದು ಸಲ ಊದಿದಳು. ಅದೂ ಜಾರಿತು. ವಿನಯಾ ಮಾಸ್ಕ್ ತೆಗೆದು ಅವಳ ತೋಳನ್ನು ಮೂಸಿದಳು.

"ಎಣ್ಣೆಯಾ?" ಎಂದಳು. ಜೆಸಿಂತಾ ನನ್ನನ್ನು ನೋಡಿದಳು.

"ಲೋಶನ್ ಹಾಕ್ಬೇಡ ಅಂತ ನಾನು ಹೇಳಿದ್ದೆ, ಅಲ್ವಾ ಜೆಸಿ?"

"ಲೋಶನ್ ಹಾಕ್ಲಿಲ್ಲ ಮಾರಾಯ್ತಿ! ಇದು ಅಮ್ಮ ಕಾಯಿಸಿದ್ದು. ಔಷಧದ್ದು" ಎಂದಳು ಜೆಸಿಂತಾ, ಅಳುವ ದನಿಯಲ್ಲಿ.

ಕಕ್ಕಸಿನ ನಲ್ಲಿಯಲ್ಲಿ ಕೈ ತೊಳೆಯುವ ಸೋಪಿನಿಂದ ನಾವು ಮೂರು ಸಲ ತೊಳೆದೆವು. ಸ್ಪಿರಿಟ್ಟಿನಿಂದ ಒರೆಸಿದೆವು. ಚರ್ಮ ಕೆಂಪಾಯಿತೇ ವಿನಾ ಒಳಗಿಳಿದ ಎಣ್ಣೆ ಮತ್ತೆ ಮತ್ತೆ ಬೆವರಿನ ಹಾಗೆ ಮೇಲೆ ಬಂತು. ಹಂಡೆಯ ಬಿಸಿನೀರು, ಒಂದು ಸೇರು ಕಡಲೆಹಿಟ್ಟು, ಎರಡು ಗಂಟೆ ಸಮಯ ಇದ್ದಿದ್ದರೆ ನಾನು ತೆಗೆಯುತ್ತಿದ್ದೆ. ನನ್ನ ಕೈಯ ಕೆಲಸ ಚೆನ್ನಾಗಿ ಆಗಿತ್ತು, ತೊಂದರೆಯಾದದ್ದೇ ಅದು.

ವಿನಯಾ ಗೋಡೆಗೆ ಒರಗಿ ನಿಂತಳು. ನನ್ನನ್ನು ನೋಡಿ, ದನಿ ಏರಿಸದೆ, "ದೊಡ್ಡಮ್ಮ, ಬೇಕಂತಲೇ ಮಾಡಿದ್ದಾ?" ಎಂದಳು.

ನನಗೆ ಅರವತ್ತೊಂಬತ್ತು ವರ್ಷದಲ್ಲಿ ಯಾರೂ ಅಂಥ ಮಾತು ಹೇಳಿರಲಿಲ್ಲ. ಬೈದವರುಂಟು, ಕೂಸಿಗೆ ಶೀತ ಆದರೆ ನನ್ನ ತಲೆಗೆ ಕಟ್ಟಿದವರುಂಟು. ಆದರೆ ಇವಳು ಹೇಳಿದ್ದರಲ್ಲಿ ತಪ್ಪು ಹುಡುಕಲಿಕ್ಕೂ ಆಗಲಿಲ್ಲ. ಆಗದಿದ್ದರೆ ಸಂತೋಷ ಎಂದು ಎರಡು ದಿನದ ಹಿಂದೆ ನಾನೇ ಹೇಳಿದ್ದೆ. ಬೇಕಂತ ಮಾಡಿದ್ದಲ್ಲ ಎಂದು ಆಣೆ ಹಾಕಿ ಹೇಳುವುದು ನನಗೆ ಬರುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರವಕೆಯ ತೋಳನ್ನು ಹೆಗಲಿನವರೆಗೆ ಮಡಚಿ, ಕೈ ಮುಂದೆ ಚಾಚಿದೆ.

"ಇದಕ್ಕೆ ಊದಿ ನೋಡು" ಎಂದೆ.

"ದೊಡ್ಡಮ್ಮ..."

"ಊದು ಅಂದೆ. ಊರಿನವರ ಮೈಗೆಲ್ಲ ಹಚ್ಚಿದವಳು, ನನ್ನ ತೋಳಿಗೆ ಒಂದು ಹನಿ ಹಚ್ಚಿದವಳಲ್ಲ. ಒಣಗಿದ ಹಲಗೆ ಇದು."

ಅವಳು ಊದಿದಳು. ತಣ್ಣಗಿನ ಗಾಳಿ ಬಂತು, ಬೇರೇನೂ ತಾಗಲಿಲ್ಲ. ನೀಲಿ ಬಣ್ಣ ನನ್ನ ಚರ್ಮದ ಮೇಲೆ ಕೂತಿತು, ಕೂತಲ್ಲೇ ಒಣಗಿತು. ಸುಕ್ಕಿನ ಒಳಗೆ ಕಡುವಾಗಿಯೂ ಮೇಲೆ ತೆಳುವಾಗಿಯೂ ನಿಂತಿತು. ವಿನಯಾ ಸ್ವಲ್ಪ ಹೊತ್ತು ನೋಡಿ, "ಹಿಡೀತದೆ" ಎಂದಳು. ಜೆಸಿಂತಾ ಶಿಲುಬೆಯ ಗುರುತು ಮಾಡಿಕೊಂಡಳು.

ಆದರೆ ನಾನು ಜೆಸಿಂತಾಳ ಹಾಗೆ ಕೈ ಎತ್ತಿ ಆಡುವವಳಲ್ಲ. ಅದನ್ನು ಅವಳು ಎರಡು ತಿಂಗಳು ಕಲಿತಿದ್ದಳು. ನಿಂತರೆ ನನ್ನ ಮಂಡಿ ಹತ್ತು ನಿಮಿಷ ತಡೆಯುವುದಿಲ್ಲ. ಹಾಲಿನಲ್ಲಿ ಆಗಲೇ ಜನ ಬರುತ್ತಿದ್ದರು. "ಹಾಗಾದ್ರೆ ಕೂತ್ಕೊಳ್ಳಿ. ಮಗು ಮೀಯಿಸಿ" ಎಂದಳು ವಿನಯಾ.

"ಮಗು ಎಲ್ಲುಂಟು?"

"ಉಂಟು ಅಂತ ಮಾಡಿ."

"ಇಲ್ಲದ ಮಗುವನ್ನು ಮೀಯಿಸುದು ಹೇಗೆ? ಹುಚ್ಚಿಯ ಹಾಗೆ?"

"ನಿಮಗೆ ಯೋಚನೆ ಮಾಡ್ಲಿಕ್ಕಿಲ್ಲ, ದೊಡ್ಡಮ್ಮ. ನಿಮ್ಮ ಕೈಗೆ ಗೊತ್ತುಂಟು" ಎಂದಳು. ನನ್ನ ಸೀರೆಯ ಮೇಲೆ ಬಿಳಿ ಬಟ್ಟೆ ಸುತ್ತಿ, ಮೂಗಿಗೆ ಮಾಸ್ಕ್ ಕಟ್ಟಿದಳು.

ಆರಕ್ಕೆ ಶುರುವಾಯಿತು. ಎಪ್ಪತ್ತು ಎಂಬತ್ತು ಜನ ಇದ್ದರು, ಕೆಲವರು ಕುರ್ಚಿಯಲ್ಲಿ, ಹೆಚ್ಚಿನವರು ನಿಂತು. ಮುಂದೆ ಮೇಡಂ. ಕಪ್ಪು ಅಬಾಯಾ, ಬೆಳ್ಳಿ ಕನ್ನಡಕ, ನನಗಿಂತ ಹತ್ತು ವರ್ಷ ಸಣ್ಣವರಿರಬಹುದು. ಬಟ್ಟೆ ಗೋಡೆಯಿಂದ ಇಳಿದು ನೆಲದ ಮೇಲೆ ಹಾಸಿತ್ತು. ನಾನು ಅದರ ಮೇಲೆ ಕೂತು, ಬಚ್ಚಲಲ್ಲಿ ಕೂರುವ ಹಾಗೆ ಎರಡೂ ಕಾಲು ಚಾಚಿದೆ. ಮೊದಲು ನಾಚಿಕೆಯಾಯಿತು. ಮುದುಕಿ ಖಾಲಿ ಕಾಲ ಮೇಲೆ ಕೈಯಾಡಿಸುವುದನ್ನು ನೋಡಲು ಇಷ್ಟು ಜನ. ಮೆಶಿನು ಗುರ್ ಎಂದಿತು, ಬೆನ್ನ ಹಿಂದೆ ವಿನಯಾಳ ಗಾಳಿ ಸುಯ್ ಎಂದಿತು.

ಮೊದಲು ತಲೆ. ಅಂಗೈಯಲ್ಲಿ ಎಣ್ಣೆ ಸುರಿದು ನೆತ್ತಿಗೆ ಇಡಬೇಕು, ಒತ್ತಬಾರದು. ಆಮೇಲೆ ಎದೆ, ಹೊಟ್ಟೆ, ಕೈ. ಕೈ ಎರಡನ್ನೂ ಎದೆಯ ಮೇಲೆ ಅಡ್ಡ ಹಾಕಿ ಬಿಡಿಸಬೇಕು. ಅಲ್ಲಿಗೆ ಬರುವಾಗ ನನಗೆ ಜನ ಮರೆತುಹೋದರು. ಇದು ಹೇಗೆಂದು ನನಗೆ ಗೊತ್ತಿಲ್ಲ, ಆದದ್ದನ್ನು ಹೇಳುತ್ತೇನೆ. ವಿನಯಾ ನನ್ನ ಸುತ್ತ ತಿರುಗುತ್ತಿದ್ದಳು, ಬಗ್ಗುತ್ತಿದ್ದಳು, ಮೊಣಕಾಲೂರುತ್ತಿದ್ದಳು. ಬಲೆಯನ್ನು ನನ್ನ ತೋಳಿಗೆ ಹಿಡಿದು ಊದಿ ತೆಗೆಯುತ್ತಿದ್ದಳು. ಕೈ ತೊಡೆಗೆ, ತೊಡೆಯಿಂದ ಮೊಣಕಾಲಿಗೆ, ಪಾದಕ್ಕೆ ಬಂತು. ಬಲಪಾದ ಆಯಿತು. ಎಡಪಾದಕ್ಕೆ ಬಂದಾಗ ನನ್ನ ಬಲಗೈ ಹಿಮ್ಮಡಿಯನ್ನು ಹಿಡಿದುಕೊಂಡಿತು, ಎಡಗೈ ಬೆರಳುಗಳನ್ನು ಹೊರಕ್ಕೆ ತಿರುಗಿಸಿತು. ಹಿಡಿದು ಹತ್ತು ಎಣಿಸಿ ಬಿಡುವುದು. ಮತ್ತೆ ತಿರುಗಿಸುವುದು. ಮೂರು ಸಲ.

ಗಾಳಿಯ ಸದ್ದು ನಿಂತಿತು.

ತಲೆ ಎತ್ತಿ ನೋಡಿದರೆ ವಿನಯಾ ಎದುರು ಮೊಣಕಾಲೂರಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಪಾದವನ್ನು ನಾನು ಹೀಗೆ ತಿರುಗಿಸುತ್ತಿದ್ದೆ ಎಂದು ಯಾವತ್ತೂ ಹೇಳಿರಲಿಲ್ಲ. ಆ ಮಾತು ಬಂದಾಗೆಲ್ಲ ಡಾಕ್ಟರರ ಪಟ್ಟಿಯ ವಿಷಯ ಮಾತ್ರ ಹೇಳಿದ್ದೆ. ಈಗಲೂ ಹೇಳಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತೋ, ತನ್ನ ಎಡಗಾಲನ್ನು ಒಳಗೆ ಎಳೆದುಕೊಂಡಳು. "ಬಣ್ಣ ಒಣಗ್ತದೆ, ಕೆಲಸ ಮಾಡು" ಎಂದೆ. ಮಾಸ್ಕಿನ ಒಳಗೆ ನಕ್ಕಳೋ ಅತ್ತಳೋ, ಮತ್ತೆ ಊದಿದಳು.

ಮುಕ್ಕಾಲು ಗಂಟೆಯ ಮೇಲೆ ಕೂಸಿಗೆ ನೀರು ಹೊಯ್ದು, ಒರೆಸಿ, ಹೊಗೆ ಕೊಟ್ಟು, ಸುತ್ತಿ ಪಕ್ಕಕ್ಕೆ ಮಲಗಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಏಳಲಿಕ್ಕೆ ಹೋದರೆ ಮಂಡಿ ಕೇಳಲಿಲ್ಲ, ಜೆಸಿಂತಾ ಓಡಿಬಂದು ಕಂಕುಳಿಗೆ ಕೈಕೊಟ್ಟು ಎತ್ತಿದಳು. ಹಿಂದೆ ತಿರುಗಿ ನೋಡಿದೆ. ಬಟ್ಟೆಯ ಮೇಲೆಲ್ಲ ಕಡುನೀಲಿ ನೀರು, ಹುರುಪೆ, ಮಂಜು. ನಡುವೆ ನಾನು ಕೂತ ಜಾಗ ಬಿಳಿ. ನನ್ನ ಬೆನ್ನು ಅಷ್ಟು ಬಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕೈ ಆಡುತ್ತಿದ್ದ ಕಡೆ ಗೆರೆ ಹರಿತವಾಗಿ ಬಂದಿರಲಿಲ್ಲ, ಹೊಗೆಯ ಹಾಗಿತ್ತು. ಬಟ್ಟೆಯಲ್ಲಿ ಕಾಲು ಮೂಡಿದ್ದ ಜಾಗದ ಮೇಲ್ಗಡೆ, ನಾನು ಬಗ್ಗಿದ್ದಲ್ಲಿ ಬಣ್ಣ ಬೀಳದೆ, ಒಂದು ಮೊಳಕ್ಕಿಂತ ಸಣ್ಣ ಬಿಳಿ ಉಳಿದಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಟ್ಟುಹೋಯಿತು ಎಂದುಕೊಂಡೆ. ಮೇಡಂ ಎದ್ದು ಬಂದು ಆ ಸಣ್ಣ ಬಿಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ತುಂಬಾ ಹೊತ್ತು ಕೂತರು. ಆಮೇಲೆ ನನ್ನ ಹತ್ತಿರ ಬಂದು, ಬಣ್ಣ ಅಂಟುತ್ತದೆ ಎಂದು ವಿನಯಾ ಹೇಳಿದರೂ ಕೇಳದೆ, ನನ್ನ ಎರಡೂ ಕೈ ಹಿಡಿದು ಅರಬ್ಬಿಯಲ್ಲಿ ಏನೋ ಹೇಳಿದರು. "ಅವರನ್ನು ಅವರ ಅಜ್ಜಿ ಹೀಗೇ ಕಾಲ ಮೇಲೆ ಹಾಕಿ ಮೀಯಿಸ್ತಿದ್ರಂತೆ" ಎಂದಳು ವಿನಯಾ. ಆಗ ಜನ ಚಪ್ಪಾಳೆ ತಟ್ಟಿದರು. ಮೇಡಂ ವಿನಯಾಳನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಅಲ್ಲಿಂದಲೇ ವಿನಯಾ ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದಳು. ಒಂದು ವರ್ಷ.

ವಾಪಸು ಪಿಕಪ್ಪಿನಲ್ಲಿ ನಾವು ಮೂವರೂ ಮುಂದೆ ಇಕ್ಕಟ್ಟಾಗಿ ಕೂತೆವು, ಚಾಲಕನ ಪಕ್ಕ ಜೆಸಿಂತಾ, ಕಿಟಕಿಗೆ ನಾನು. ನಾನು ಕೈಯನ್ನು ಯಾರಿಗೂ ತಾಗದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

"ಹಾಗಾದ್ರೆ ನೀನು ಬರುದಿಲ್ಲ" ಎಂದೆ.

"ಇಲ್ಲ ದೊಡ್ಡಮ್ಮ."

"ಸರಿ."

ಸ್ವಲ್ಪ ದೂರ ಹೋದ ಮೇಲೆ, "ನಾನು ಹಾಗೆ ಕೇಳ್ಬಾರದಿತ್ತು" ಎಂದಳು.

"ಕೇಳಿಯಾಯ್ತಲ್ಲ. ನನಗೂ ಅದೇ ಯೋಚನೆ" ಎಂದೆ. "ಎಣ್ಣೆ ಹಾಕಿದ್ರೆ ಬಣ್ಣ ನಿಲ್ಲುದಿಲ್ಲ ಅಂತ ಗೊತ್ತಿದ್ದಿದ್ರೆ ಹಾಕ್ತಿದ್ದೆನಾ ಅಂತ."

"ಹಾಕ್ತಿದ್ರಾ?"

"ಗೊತ್ತಿಲ್ಲ" ಎಂದೆ. ಸುಳ್ಳು ಹೇಳುವ ಅಗತ್ಯ ಇರಲಿಲ್ಲ. ಅವಳು ನನ್ನ ಹೆಗಲಿಗೆ ತಲೆ ಇಟ್ಟಳು. ಜೆಸಿಂತಾ ನಡುವೆ ಬಾಯಿ ಹಾಕಿ, "ಏನೇ ಹೇಳಿ ಅಮ್ಮ, ನನ್ನ ತೋಳು ಮಾತ್ರ ಹೂವಿನ ಹಾಗುಂಟು" ಎಂದಳು. ಮೂವರೂ ನಕ್ಕೆವು. ಚಾಲಕನಿಗೆ ಭಾಷೆ ಬಾರದಿದ್ದರೂ ನಕ್ಕ.

ಮರುದಿನ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲು ನಾನು ಎದ್ದೆ. ಕೈ ತೊಳೆದಿರಲಿಲ್ಲ. ಪಕ್ಕದ ಭಾಗದಲ್ಲಿದ್ದ ಕೇರಳದ ಹುಡುಗಿ ಮೀನು ಮಾರುಕಟ್ಟೆಗೆ ಹೊರಟಿದ್ದಳು, ಅವಳ ಜೊತೆ ಬಸ್ಸಿನಲ್ಲಿ ಹೋದೆ. ಮಲ್ಪೆಯಷ್ಟು ಗಲಾಟೆ ಇಲ್ಲ, ನೆಲ ಒಣಗಿಯೇ ಇತ್ತು, ಮೀನು ಮಾತ್ರ ತಾಜಾ. ಅಲ್ಲಿ ಶೇರಿ ಎಂಬ ಮೀನು ತೆಗೆದುಕೊಂಡೆ, ಕಿವಿರು ಎತ್ತಿ ನೋಡಿಯೇ. ಮೀನು ಕತ್ತರಿಸುವ ಮಲಯಾಳಿ ನನ್ನ ತೋಳನ್ನು ನೋಡಿ, "ಅಮ್ಮಾ, ನಿಮ್ಮ ಹುರುಪೆಯನ್ನೂ ತೆಗೀಬೇಕಾ?" ಎಂದು ಹಿಂದಿಯಲ್ಲಿ ಕೇಳಿದ. ಸುತ್ತಲಿದ್ದವರು ನಕ್ಕರು. "ನನ್ನದೂ ಬೇಡ, ಮೀನಿನದೂ ಬೇಡ. ಹಾಗೇ ಕೊಡು, ನಾನೇ ಮಾಡ್ತೇನೆ" ಎಂದೆ.

ಮನೆಗೆ ಬಂದು ಅಡುಗೆಮನೆಯ ನೆಲದಲ್ಲಿ ಕೂತು ಮೀನು ಸ್ವಚ್ಛ ಮಾಡಿದೆ. ಉಪ್ಪು ಹಾಕಿ ಉಜ್ಜಿ ನಾಲ್ಕು ನೀರಿನಲ್ಲಿ ತೊಳೆಯುವಾಗ ನನ್ನ ಮೊಣಕೈಯಿಂದ ಕೆಳಗಿನ ಬಣ್ಣವೆಲ್ಲ ಹೋಯಿತು. ಮೇಲಿನದನ್ನು ತೊಳೆಯಲಿಲ್ಲ. ರವಕೆಯ ತೋಳು ಇಳಿಸಿಕೊಂಡು ಮಸಾಲೆ ಕಡೆಯಲು ಎದ್ದೆ.